ನಾಟಿ ಟೊಮ್ಯಾಟೊಗೆ ವೈರಸ್ ತಡಿಯೋ ಗುಣ ತರೋದು ಹೇಗೆ, ತಳಿ ಕೆಡದ ಹಾಗೆ

ನಾಟಿ ಟೊಮ್ಯಾಟೊ ಬೆಳಿಯೋರಿಗೆಲ್ಲ ಈ ಸಂಕಟ ಗೊತ್ತಿರತ್ತೆ. ರುಚಿ ಇದೆ, ಬೀಜ ನಾವೇ ಎತ್ತಿಟ್ಕೋಬಹುದು, ಎಲ್ಲಾ ಸರಿ, ಆದ್ರೆ ಎಲೆ ಮುಟುರು ಬಂತು ಅಂದ್ರೆ ಗಿಡ ಅಲ್ಲಿಗೇ ಕುಳ್ಳಾಗಿ ನಿಂತುಬಿಡತ್ತೆ, ಪಕ್ಕದ ಸಾಲಲ್ಲಿರೋ ಹೈಬ್ರಿಡ್ ಮಾತ್ರ ಏನೂ ಆಗಿಲ್ವೇನೋ ಅನ್ನೋ ಹಾಗೆ ಕಾಯಿ ಬಿಡ್ತಾ ಇರತ್ತೆ. ಆ ಹೈಬ್ರಿಡ್ಡಲ್ಲಿರೋ ತಡಿಯೋ ಜೀನ್ ಒಂದನ್ನೇ ಎತ್ಕೊಂಡು ನಾಟಿಗೆ ಸೇರಿಸೋಕಾಗಲ್ವಾ ಅಂದ್ರೆ, ಆಗತ್ತೆ, ಲ್ಯಾಬ್ ಇಲ್ದೇನೂ ಆಗತ್ತೆ, ಒಂದು ಚಿಮುಟ, ಲೇಬಲ್ಲು, ನೋಟ್‌ಬುಕ್ಕು, ಮೂರ್ನಾಲ್ಕು ವರ್ಷದ ತಾಳ್ಮೆ ಇದ್ರೆ ಸಾಕು. ಜೀನ್ ತರೋದು ಇದರಲ್ಲಿ ಸುಲಭದ ಭಾಗ. ತಂದಾದ್ಮೇಲೆ ಕೈಯಲ್ಲಿ ಉಳಿದಿರೋದು ಅದೇ ನಾಟಿ ತಳಿನಾ, ಇಲ್ಲಾ ನಾಟಿ ಹೆಸರಿಟ್ಕೊಂಡಿರೋ ಇನ್ನೊಂದು ಹೈಬ್ರಿಡ್ ಮರಿನಾ, ಅದೇ ನಿಜವಾದ ತಲೆನೋವು. ಕೆಳಗಿನ ಪ್ರತಿ ಹಂತದಲ್ಲೂ ಅದನ್ನೇ ಮನಸ್ಸಲ್ಲಿಟ್ಕೊಂಡು ಹೇಳ್ತೀನಿ.

ಯಾವ ವೈರಸ್ ಅಂತ ಖಾತ್ರಿ ಮಾಡ್ಕೊಳಿ

"ವೈರಸ್ ಬಂದಿದೆ" ಅಂತ ಹೇಳೋದು "ಜ್ವರ ಬಂದಿದೆ" ಅಂದ ಹಾಗೆ, ಅದರಿಂದ ಏನೂ ತೀರ್ಮಾನ ಮಾಡಕ್ಕಾಗಲ್ಲ, ಯಾಕಂದ್ರೆ ಒಂದು ವೈರಸ್ಸಿಗೆ ಕೆಲಸ ಮಾಡೋ ಜೀನ್ ಇನ್ನೊಂದಕ್ಕೆ ಏನೇನೂ ಮಾಡಲ್ಲ. ಎಲೆ ಚಿಕ್ಕದಾಗಿ ಮೇಲಕ್ಕೆ ಮುದುರ್ಕೊಂಡು, ಅಂಚು ಹಳದಿಯಾಗಿ, ಗಿಡ ಕುಳ್ಳಾಗಿ, ಹೂವು ಉದುರಿದ್ರೆ ಅದು ಬಿಳಿ ನೊಣದಿಂದ ಹರಡೋ ಎಲೆ ಮುಟುರು ಗುಂಪಿನ ವೈರಸ್ ಇರಬಹುದು. ಎಳೆ ಎಲೆ ಮೇಲೆ ಕಂಚಿನ ಬಣ್ಣದ ಚುಕ್ಕೆ, ಹಣ್ಣಿನ ಮೇಲೆ ಉಂಗುರ ಉಂಗುರ ಗುರುತು ಬಂದ್ರೆ ಥ್ರಿಪ್ಸ್ ನುಸಿ ತರೋ ಸ್ಪಾಟೆಡ್ ವಿಲ್ಟ್. ಎಲೆಯಲ್ಲಿ ತಿಳಿ ಹಸಿರು ಕಡು ಹಸಿರು ಮಚ್ಚೆ ಮಚ್ಚೆಯಾಗಿದ್ರೆ ಮೊಸಾಯಿಕ್ ಗುಂಪು, ಇದಕ್ಕೆ ಹುಳ ಬೇಡ, ನಮ್ ಕೈ, ಕತ್ತರಿ, ಬೀಜ ಇವೇ ಸಾಕು.

ಇನ್ನೊಂದ್ ವಿಷಯ, ಮುದುರಿದ್ದೆಲ್ಲ ವೈರಸ್ ಅಲ್ಲ. ಬಿಸಿಲು ಜಾಸ್ತಿ ಆದ್ರೆ, ನೀರು ಹೆಚ್ಚುಕಮ್ಮಿ ಆದ್ರೆ ಕೆಳಗಿನ ಹಳೇ ಎಲೆಗಳು ಸುರುಳಿ ಆಗ್ತವೆ, ನುಸಿ ಕಾಟಕ್ಕೆ ತುದಿ ಮುರುಟತ್ತೆ, ಪಕ್ಕದ ಹೊಲದಲ್ಲಿ ಹೊಡ್ದಿರೋ ಕಳೆನಾಶಕ ಗಾಳಿಗೆ ಬಂದು ಬಿದ್ರೂ ಎಲೆ ದಾರದ ಥರ ಆಗತ್ತೆ. ಮೊಸಾಯಿಕ್ ಮತ್ತೆ ಸ್ಪಾಟೆಡ್ ವಿಲ್ಟಿಗೆ ಎಲೆ ರಸ ಹಾಕಿ ನೋಡೋ ಸ್ಟ್ರಿಪ್ ಟೆಸ್ಟ್ ಸಿಗತ್ತೆ, ಎಲೆ ಮುಟುರಿಗೆ ಲ್ಯಾಬಲ್ಲಿ ಪಿಸಿಆರ್ ಮಾಡ್ಸೋದೇ ಭದ್ರ. ಮೂರ್ನಾಲ್ಕು ವರ್ಷ ಕೆಲಸ ಮಾಡೋರು ಈ ಒಂದು ಟೆಸ್ಟಿಗೆ ಜಿಪುಣತನ ಮಾಡಬಾರದು.

ಯಾವ ಜೀನ್ ಬೇಕು

ಟೊಮ್ಯಾಟೊದಲ್ಲಿ ವೈರಸ್ ತಡಿಯೋ ಜೀನ್‌ಗಳು ಹೆಚ್ಚೂಕಮ್ಮಿ ಎಲ್ಲಾ ದಕ್ಷಿಣ ಅಮೆರಿಕದ ಕಾಡು ಟೊಮ್ಯಾಟೊಗಳಿಂದ ಬಂದಿದ್ದು. ಎಲೆ ಮುಟುರಿಗೆ ಮುಖ್ಯವಾದದ್ದು ಟಿವೈ-1 ಮತ್ತೆ ಟಿವೈ-3, ಎರಡೂ ಸೊಲಾನಮ್ ಚಿಲೆನ್ಸ್ ಅನ್ನೋ ಕಾಡು ಜಾತಿಯದ್ದು, ಆರನೇ ಕ್ರೋಮೋಸೋಮಲ್ಲಿವೆ. ಮೊದ್ಲು ಬೇರೆ ಬೇರೆ ಅಂದ್ಕೊಂಡಿದ್ರು, 2013ರಲ್ಲಿ ಒಂದೇ ಜೀನಿನ ಎರಡು ರೂಪ ಅಂತ ಗೊತ್ತಾಯ್ತು, ಹಾಗಾಗಿ "ಎರಡೂ ಸೇರಿಸ್ತೀನಿ" ಅಂತ ಒದ್ದಾಡೋದು ಬೇಡ. ಟಿವೈ-2 ಬೇರೆ, ಅದು ಸೊಲಾನಮ್ ಹ್ಯಾಬ್ರೊಕೈಟೀಸ್‌ನಿಂದ ಬಂದಿದ್ದು, ಹನ್ನೊಂದನೇ ಕ್ರೋಮೋಸೋಮು, ಕೆಲವು ತಳಿಯ ವೈರಸ್ಸಿಗೆ ಚೆನ್ನಾಗಿ ನಿಲ್ಲತ್ತೆ ಕೆಲವಕ್ಕೆ ನಿಲ್ಲಲ್ಲ, ಅದಕ್ಕೇ ಒಂದನ್ನೇ ನಂಬೋ ಬದ್ಲು ಟಿವೈ-3 ಜೊತೆ ಸೇರಿಸಿ ಇಟ್ಕೊಳೋದು ರೂಢಿ. ಟಿವೈ-5 ಅಂತ ಇನ್ನೊಂದಿದೆ, ಅದು ರಿಸೆಸಿವ್, ಅಂದ್ರೆ ಎರಡೂ ಪ್ರತಿ ಇದ್ರೆ ಮಾತ್ರ ಕೆಲಸ ಮಾಡತ್ತೆ, ಮೊದಲ ಸಲ ಮಾಡೋರು ಅದರ ತಂಟೆಗೆ ಹೋಗ್ಬೇಡಿ.

ಸ್ಪಾಟೆಡ್ ವಿಲ್ಟಿಗೆ ಎಸ್‌ಡಬ್ಲ್ಯೂ-5, ಸೊಲಾನಮ್ ಪೆರುವಿಯಾನಮ್‌ನಿಂದ ಬಂದಿದ್ದು, ಒಂಬತ್ತನೇ ಕ್ರೋಮೋಸೋಮಲ್ಲಿದೆ, ಡಾಮಿನೆಂಟ್, ಅಂದ್ರೆ ಒಂದೇ ಪ್ರತಿ ಇದ್ರೂ ಕೆಲಸ ಮಾಡತ್ತೆ, ಬ್ಯಾಕ್‌ಕ್ರಾಸ್, ಅಂದ್ರೆ ಕ್ರಾಸಿನ ಮರಿನ ಮತ್ತೆ ಮತ್ತೆ ನಾಟಿಗೇ ಕೂಡಿಸೋ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇದನ್ನ ಮುರಿಯೋ ವೈರಸ್ ತಳಿಗಳು ಕೆಲವು ದೇಶಗಳಲ್ಲಿ ಈಗಾಗ್ಲೇ ಕಾಣಿಸ್ಕೊಂಡಿವೆ, ಅದೂ ಗೊತ್ತಿರ್ಲಿ. ಮೊಸಾಯಿಕ್‌ಗೆ ಟಿಎಂ-2 ಸ್ಕ್ವೇರ್ ಅನ್ನೋ ಜೀನ್ ದಶಕಗಟ್ಲೆ ಕಾಪಾಡ್ತು, ಆಮೇಲೆ 2014ರಲ್ಲಿ ಇಸ್ರೇಲಲ್ಲಿ, 2015ರಲ್ಲಿ ಜೋರ್ಡಾನಲ್ಲಿ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಅಂತ ಹೊಸದು ಕಾಣಿಸ್ಕೊಂಡು ಆ ಜೀನನ್ನೂ ದಾಟಿ ಬಂತು. ನಿಮ್ ತೋಟದಲ್ಲಿರೋದು ಹಳೇ ಮೊಸಾಯಿಕ್ ಆದ್ರೆ ಟಿಎಂ-2 ಸ್ಕ್ವೇರ್ ಈಗಲೂ ಸಾಕು, ರುಗೋಸ್ ಆದ್ರೆ ಅದನ್ನ ತಂದು ಪ್ರಯೋಜನ ಇಲ್ಲ. ಸೌತೆ ಮೊಸಾಯಿಕ್ ಅಂದ್ರೆ ಸಿಎಂವಿ ಇದ್ರೆ (ಹೆಸರಲ್ಲಿ ಮೊಸಾಯಿಕ್ ಇದ್ರೂ ಇದು ಮೇಲಿನ ಮೊಸಾಯಿಕ್ ಗುಂಪಿನದ್ದಲ್ಲ), ಇಷ್ಟು ಚೊಕ್ಕವಾಗಿ ಎತ್ತಿ ತರೋ ಅಂಥ ಜೀನ್ ತಳಿಗಳಲ್ಲಿ ಇಲ್ಲ, ಆ ಹಾದಿ ಬೇರೇನೇ.

ಜೀನ್ ಕೊಡೋ ಗಿಡ

ಕಾಡು ಟೊಮ್ಯಾಟೊ ತಂದು ಕ್ರಾಸ್ ಮಾಡ್ತೀನಿ ಅಂತ ಹೊರಡ್ಬೇಡಿ. ಪೆರುವಿಯಾನಮ್, ಚಿಲೆನ್ಸ್ ಇವೆಲ್ಲ ಊರು ಟೊಮ್ಯಾಟೊ ಜೊತೆ ಸುಲಭಕ್ಕೆ ಕೂಡಲ್ಲ, ಎಳೇ ಭ್ರೂಣ ತೆಗ್ದು ಗಾಜಿನ ಟ್ಯೂಬಲ್ಲಿ ಬೆಳೆಸೋ ತನಕ ಹೋಗ್ಬೇಕಾಗತ್ತೆ. ಆ ಕಷ್ಟ ಬೇರೆಯವರು ಪಟ್ಟು ಮುಗ್ಸಿದಾರೆ, ನಾವು ಅವರ ಫಲ ತಗೊಳೋಣ.

ಎರಡು ದಾರಿ ಇದೆ. ಒಂದು, ಜೀನ್ ಸ್ಥಿರವಾಗಿರೋ, ಅಂದ್ರೆ ಬೀಜ ಹಾಕಿದ್ರೆ ಹಾಗೇ ಹುಟ್ಟೋ ತಳಿ ಸಾಲುಗಳು, ತೈವಾನಲ್ಲಿರೋ ವರ್ಲ್ಡ್ ವೆಜಿಟೆಬಲ್ ಸೆಂಟರ್ ಥರದ ಸಂಸ್ಥೆಗಳು ಟಿವೈ ಜೀನಿರೋ ಇಂಥ ಸಾಲುಗಳನ್ನ ಬೆಳೆಸಿವೆ, ಸಿಕ್ಕಿದ್ರೆ ಇದೇ ಉತ್ತಮ. ಇನ್ನೊಂದು, ಪೇಟೆಯಲ್ಲಿ ಸಿಗೋ ಹೈಬ್ರಿಡ್. ಪ್ಯಾಕೆಟ್ ಮೇಲೆ ಯಾವ ವೈರಸ್ಸಿಗೆ ಎಚ್‌ಆರ್, ಯಾವುದಕ್ಕೆ ಐಆರ್ ಅಂತ ಬರೆದಿರ್ತಾರೆ, ಎಚ್‌ಆರ್ ಅಂದ್ರೆ ಗಟ್ಟಿ ನಿರೋಧಕ, ಐಆರ್ ಅಂದ್ರೆ ಮಧ್ಯಮ, ಎಲೆ ಮುಟುರಿಗೆ ಸಾಮಾನ್ಯವಾಗಿ ಐಆರ್ ಅಂತಲೇ ಇರತ್ತೆ, ಗಾಬರಿ ಬೇಡ. ಆದ್ರೆ ಹೈಬ್ರಿಡ್ಡಲ್ಲಿ ಜೀನು ಎಷ್ಟೋ ಸಲ ಒಂದೇ ಪ್ರತಿ ಇರತ್ತೆ, ಹಾಗಿದ್ರೆ ನಿಮ್ಮ ಮೊದಲ ಕ್ರಾಸಿನ ಸಸಿಗಳಲ್ಲೇ ಅರ್ಧಕ್ಕೆ ಜೀನ್ ಬಂದಿರತ್ತೆ ಅರ್ಧಕ್ಕೆ ಇಲ್ಲ. ಅಂದ್ರೆ ಪರೀಕ್ಷೆ ಮೊದಲ ತಲೆಮಾರಿಂದಲೇ ಶುರು ಮಾಡ್ಬೇಕು. ಹಾಗೇ ಆ ಹೈಬ್ರಿಡ್ ಮೇಲೆ ಪೇಟೆಂಟ್ ಅಥವಾ ಲೈಸೆನ್ಸ್ ಷರತ್ತು ಏನಾದ್ರೂ ಇದ್ಯಾ ಅಂತ ನೋಡ್ಕೊಳಿ, ಮನೆ ಮಟ್ಟಿಗೆ ಬೆಳಿಯೋದು ಬೇರೆ, ಬೀಜ ಹಂಚೋದು ಮಾರೋದು ಬೇರೆ.

ಕೊಡೋ ಗಿಡದ ಹಣ್ಣು ನಿಮ್ ನಾಟಿಗೆ ಆದಷ್ಟು ಹತ್ರ ಇರ್ಲಿ. ದುಂಡನೆ ಹುಳಿ ಹಣ್ಣಿನ ನಾಟಿಗೆ ಉದ್ದನೆ ಗಟ್ಟಿ ಸಿಪ್ಪೆಯ ಹೈಬ್ರಿಡ್ ತಂದ್ರೆ ಆ ಗಟ್ಟಿತನ ತೊಳ್ಯಕ್ಕೆ ಒಂದ್ ಬ್ಯಾಕ್‌ಕ್ರಾಸ್ ಜಾಸ್ತಿ ಬೇಕು.

ನಾಟಿ ಕಡೆಯ ತಯಾರಿ

ಮೂಲ ಬೀಜ ಒಂದಷ್ಟು ಚೆನ್ನಾಗಿ ಒಣಗಿಸಿ, ಗಾಳಿ ಆಡದ ಡಬ್ಬದಲ್ಲಿ ಬೇರೆ ಎತ್ತಿಡಿ, ಇದನ್ನ ಮುಟ್ಟಬಾರದು. ಆಮೇಲೆ ತಳಿಯ ಗುಣಗಳನ್ನ ಬರ್ಕೊಳಿ, ಎಲೆ ಆಕಾರ, ಗಿಡದ ಎತ್ತರ, ಹಣ್ಣಿನ ತೂಕ, ಭುಜದ ಹತ್ರ ಹಸಿರು ಇರತ್ತಾ, ಸಿಪ್ಪೆ ಎಷ್ಟು ತೆಳು, ಒಳಗೆ ಎಷ್ಟು ಖಾನೆ, ರುಚಿ ಹೇಗೆ. ನಾಲ್ಕು ವರ್ಷ ಆದ್ಮೇಲೆ "ಮೊದ್ಲು ಹೀಗೇ ಇತ್ತು ಅಲ್ವಾ" ಅಂತ ನೆನಪಲ್ಲಿ ಹೋಲಿಸೋಕೆ ಆಗಲ್ಲ, ನಾಲಿಗೆ ಹೊಸದಕ್ಕೆ ಒಗ್ಗಿಬಿಟ್ಟಿರತ್ತೆ.

ನಾಟಿ ಅಂದ್ರೆ ಎಲ್ಲಾ ಗಿಡನೂ ಒಂದೇ ಥರ ಇರಲ್ಲ, ಒಳಗೊಳಗೇ ಸಣ್ಣ ಸಣ್ಣ ವ್ಯತ್ಯಾಸ ಇರತ್ತೆ, ಅದೇ ಅದರ ಆಸ್ತಿ. ಒಂದೇ ಗಿಡ ಹಿಡ್ಕೊಂಡು ಎಲ್ಲಾ ಬ್ಯಾಕ್‌ಕ್ರಾಸ್ ಮಾಡಿದ್ರೆ ಆ ಆಸ್ತಿ ಕರಗಿ ಒಂದೇ ಗಿಡದ ನಕಲು ಉಳಿಯತ್ತೆ. ಹಾಗಾಗಿ ಪ್ರತಿ ತಲೆಮಾರಲ್ಲೂ ನಾಲ್ಕೈದು ಬೇರೆ ಬೇರೆ ನಾಟಿ ಗಿಡನ ತಾಯಿ ಮಾಡ್ಕೊಳಿ.

ಕ್ರಾಸ್ ಮಾಡೋ ಕ್ರಮ

ನಾಟಿನೇ ತಾಯಿ, ಪರಾಗದ ಪುಡಿ ಬರೋದು ಜೀನ್ ಇರೋ ಗಿಡದಿಂದ. ನಾಳೆ ಬೆಳಿಗ್ಗೆ ಅರಳ್ಬೇಕು ಅನ್ನೋ ಮೊಗ್ಗು ಆರಿಸಿ, ಎಸಳು ಇನ್ನೂ ತಿಳಿ ಹಳದಿ ಹಸಿರು ಮಿಶ್ರ ಇರ್ಬೇಕು, ಒಳಗಿನ ಕೇಸರದ ಕೊಳವೆ ಇನ್ನೂ ಪೂರ್ತಿ ಹಳದಿ ಆಗಿರಬಾರದು, ಎಸಳು ಚಿನ್ನದ ಬಣ್ಣಕ್ಕೆ ತಿರುಗಿದ್ರೆ ಆಗ್ಲೇ ಸ್ವಂತ ಪುಡಿ ಬಿದ್ದಿರೋ ಸಾಧ್ಯತೆ ಇದೆ, ಅದನ್ನ ಕಿತ್ತಾಕಿ. ಚಿಮುಟದಲ್ಲಿ ಕೇಸರದ ಕೊಳವೆನ ಬುಡದಿಂದ ಬಿಡಿಸಿ ತೆಗೀರಿ, ಮಧ್ಯದಲ್ಲಿರೋ ಹಸಿರು ಕಡ್ಡಿ, ಅದೇ ಶಲಾಕೆ, ಅದಕ್ಕೆ ಪೆಟ್ಟು ಬೀಳಬಾರದು. ಗೊಂಚಲಲ್ಲಿ ಎರಡೋ ಮೂರೋ ಇಂಥ ಮೊಗ್ಗು ಇಟ್ಕೊಂಡು ಉಳಿದಿದ್ದನ್ನ ಚಿವುಟಿ ಹಾಕಿ.

ಪುಡಿಗೆ ಆವತ್ತೇ ಅರಳಿರೋ ಹೂವು ಬೇಕು, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ. ಎಲೆಕ್ಟ್ರಿಕ್ ಟೂತ್‌ಬ್ರಷ್ಷನ್ನ ಹೂವಿನ ತೊಟ್ಟಿಗೆ ಹಿಡಿದ್ರೆ ಪುಡಿ ಉದುರತ್ತೆ, ಕೆಳಗೆ ಸಣ್ಣ ಕಪ್ಪು ಗಾಜಿನ ತಟ್ಟೆನೋ ಖಾಲಿ ಕ್ಯಾಪ್ಸೂಲೋ ಇಡಿ, ಬಿಳಿ ಪುಡಿ ಕಪ್ಪಿನ ಮೇಲೆ ಚೆನ್ನಾಗಿ ಕಾಣತ್ತೆ. ಶಲಾಕೆ ತುದಿನ ಪುಡಿಯಲ್ಲಿ ಅದ್ದಿ, ಮಾರನೇ ದಿನ ಇನ್ನೊಂದ್ ಸಲ ಮುಟ್ಟಿಸಿ. ಆಮೇಲೆ ಒಂದ್ ಸಣ್ಣ ಉಪಾಯ, ಆ ಹೂವಿನ ಹಸಿರು ಪುಷ್ಪಪತ್ರಗಳಲ್ಲಿ ಎರಡನ್ನ ಕತ್ತರಿಸಿಬಿಡಿ, ಲೇಬಲ್ ಗಾಳಿಗೆ ಹಾರಿ ಹೋದ್ರೂ ಹಣ್ಣಿನ ತಲೆ ನೋಡಿದ್ರೆ ಇದು ಕ್ರಾಸಿನದ್ದು ಅಂತ ಗೊತ್ತಾಗತ್ತೆ. ತೀರಾ ಸೆಕೆ ಇರೋ ಕಾಲದಲ್ಲಿ, ಹಗಲು 32 ಡಿಗ್ರಿ ದಾಟಿದ್ರೆ ಪುಡಿ ಬಲ ಕಳ್ಕೊಳತ್ತೆ, ಕಾಯಿ ಕಚ್ಚೋದೂ ಕಮ್ಮಿ, ಕಾಲ ನೋಡ್ಕೊಂಡು ಹೊರಡಿ.

ನಿಮ್ ನಾಟಿ ಆಲೂಗಡ್ಡೆ ಎಲೆ ಥರದ್ದಾದ್ರೆ ಅದೃಷ್ಟ. ಆ ಎಲೆ ಗುಣ ರಿಸೆಸಿವ್, ಕ್ರಾಸ್ ಸರಿಯಾಗಿ ಆಗಿದ್ರೆ ಮೊದಲ ತಲೆಮಾರಿನ ಸಸಿ ಮಾಮೂಲಿ ಎಲೆ ಬಿಡತ್ತೆ, ಆಲೂಗಡ್ಡೆ ಎಲೆನೇ ಬಂದ್ರೆ ಸ್ವಂತ ಪುಡಿ ಬಿದ್ದಿತ್ತು ಅಂತ ಲೆಕ್ಕ.

ಬ್ಯಾಕ್‌ಕ್ರಾಸ್, ಎಷ್ಟು ಸಲ, ಎಷ್ಟು ಗಿಡ

ಮೊದಲ ಕ್ರಾಸಿನ ಗಿಡ ಅರ್ಧ ನಾಟಿ. ಅದರಲ್ಲಿ ಜೀನ್ ಇರೋದನ್ನ ಮತ್ತೆ ನಾಟಿಗೆ ಕ್ರಾಸ್ ಮಾಡಿದ್ರೆ ಸರಾಸರಿ 75 ಪರ್ಸೆಂಟ್ ನಾಟಿ, ಎರಡನೇ ಸಲಕ್ಕೆ 87.5, ಮೂರಕ್ಕೆ 93.75, ನಾಲ್ಕಕ್ಕೆ ಸುಮಾರು 97. ಕೊಡೋ ಗಿಡ ಊರು ಟೊಮ್ಯಾಟೊನೇ ಆಗಿದ್ರೆ ಮೂರು ಸಲ ಸಾಕು, ರುಚಿ ಇನ್ನೂ ಹತ್ರ ಬಂದಿಲ್ಲ ಅನ್ಸಿದ್ರೆ ನಾಲ್ಕು.

ಒಂದೇ ಡಾಮಿನೆಂಟ್ ಜೀನ್ ಆದ್ರೆ ಪ್ರತಿ ಸಲ ಅರ್ಧ ಸಸಿಗೆ ಅದು ಬರತ್ತೆ, ಏಳು ಸಸಿ ಇಟ್ಕೊಂಡ್ರೆ ಕನಿಷ್ಠ ಒಂದಕ್ಕಾದ್ರೂ ಬಂದಿರೋ ಸಂಭವ 99 ಪರ್ಸೆಂಟ್. ಎರಡು ಜೀನ್ ಒಟ್ಟಿಗೆ ತರ್ತಿದ್ರೆ ಕಾಲು ಭಾಗಕ್ಕೆ ಮಾತ್ರ ಎರಡೂ ಬರತ್ತೆ, ಅದೇ ಭರವಸೆಗೆ ಹದಿನೇಳು ಸಸಿ ಬೇಕು. ಆದ್ರೆ ನಾನ್ ಹೇಳೋದು ಲೆಕ್ಕಕ್ಕಿಂತ ಮೂರು ಪಟ್ಟು ಜಾಸ್ತಿ ಬೆಳೀರಿ ಅಂತ, ಯಾಕಂದ್ರೆ ಜೀನ್ ಇರೋ ಒಂದೇ ಗಿಡ ಸಿಕ್ಕಿದ್ರೆ ಅದನ್ನೇ ಒಪ್ಕೋಬೇಕಾಗತ್ತೆ, ಹತ್ತು ಸಿಕ್ಕಿದ್ರೆ ಆ ಹತ್ತರಲ್ಲಿ ಎಲೆ, ಗಿಡ, ಹಣ್ಣು ಎಲ್ಲದರಲ್ಲೂ ನಾಟಿಗೆ ಹತ್ರ ಇರೋ ಎರಡನ್ನ ಆರಿಸ್ಬಹುದು. ಆ ಪರ್ಸೆಂಟ್‌ಗಳೆಲ್ಲ ಸರಾಸರಿ, ಕೆಲವು ಗಿಡ ಸರಾಸರಿಗಿಂತ ಮುಂದೆ ಇರ್ತವೆ, ಕಣ್ಣಿಟ್ಟು ಹುಡುಕಿದ್ರೆ ಒಂದ್ ತಲೆಮಾರು ಉಳಿಯತ್ತೆ.

ಇನ್ನೊಂದು ಕಣ್ಣಿಗೆ ಕಾಣದ ತೊಂದ್ರೆ. ಜೀನ್ ಒಂದೇ ಬರಲ್ಲ, ಅದರ ಅಕ್ಕಪಕ್ಕದ ಕಾಡು ತುಂಡೂ ಅಂಟ್ಕೊಂಡೇ ಬರತ್ತೆ, ನಾವು ಜೀನನ್ನೇ ಆರಿಸ್ತಾ ಇರೋದ್ರಿಂದ ಆ ತುಂಡು ಬ್ಯಾಕ್‌ಕ್ರಾಸಲ್ಲಿ ಬೇಗ ಹೋಗಲ್ಲ. 1989ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಟಿಎಂ-2 (ಟಿಎಂ-2 ಸ್ಕ್ವೇರ್ ಇದೇ ಜೀನಿನ ಇನ್ನೊಂದು ರೂಪ) ಇರೋ ತಳಿಗಳನ್ನ ಪರೀಕ್ಷೆ ಮಾಡಿದಾಗ, ಹನ್ನೊಂದು ಸಲ ಬ್ಯಾಕ್‌ಕ್ರಾಸ್ ಮಾಡಿದ್ದ ತಳಿಯಲ್ಲೂ ಕ್ರೋಮೋಸೋಮಿನ ಒಂದು ಇಡೀ ತೋಳು ಕಾಡಿನದ್ದೇ ಉಳ್ಕೊಂಡಿತ್ತು. ಹಳೇ ಟಿಎಂ-2 ಸಾಲುಗಳಲ್ಲಿ ಗಿಡ ಹಳದಿಯಾಗಿ ಕುಗ್ಗೋ ದೋಷ ಕೂಡ ಹೀಗೇ ಅಂಟ್ಕೊಂಡು ಬಂದಿತ್ತು. ಇದಕ್ಕೆ ಮನೆಮದ್ದು ಒಂದೇ, ಸಸಿ ಸಂಖ್ಯೆ ಜಾಸ್ತಿ ಇಟ್ಟು, ರೋಗ ತಡೀತಾ ಇದ್ರೂ ಹಣ್ಣು ಬೆಳವಣಿಗೆ ಯಾವ್ದೋ ಒಂದರಲ್ಲಿ ಸಪ್ಪೆ ಇರೋ ಗಿಡಗಳನ್ನ ಮುಲಾಜಿಲ್ದೆ ಕಿತ್ತಾಕೋದು. ಡಿಎನ್‌ಎ ಟೆಸ್ಟಿಗೆ ಅವಕಾಶ ಇದ್ರೆ ಜೀನಿನ ಎರಡೂ ಬದಿಯ ಗುರುತು ನೋಡಿ ಚಿಕ್ಕ ತುಂಡಿರೋ ಗಿಡ ಆರಿಸ್ಬಹುದು, ಆಗ ಕೆಲಸ ಬಹಳ ಬೇಗ ಮುಗಿಯತ್ತೆ.

ರೋಗ ಪರೀಕ್ಷೆ, ಎಲ್ಲರೂ ಎಡವೋ ಜಾಗ

ಹೊಲದಲ್ಲಿ ಒಂದ್ ಗಿಡ ಹಸಿರಾಗಿ ನಿಂತಿದೆ ಅಂದ ಮಾತ್ರಕ್ಕೆ ಅದಕ್ಕೆ ಜೀನ್ ಬಂದಿದೆ ಅಂತಲ್ಲ, ಹುಳ ಅದನ್ನ ಕಚ್ಚದೇನೂ ಇರಬಹುದು. ಹಾಗೆ ತಪ್ಪಿಸ್ಕೊಂಡ ಗಿಡನ ನಂಬಿ ಮುಂದಕ್ಕೆ ಹೋದ್ರೆ ಎರಡು ತಲೆಮಾರು ಆದ್ಮೇಲೆ ಕೈಲಿ ಏನೂ ಇರಲ್ಲ. ಅದಕ್ಕೇ ಪ್ರತಿ ಹತ್ತು ಸಸಿ ಮಧ್ಯೆ ಒಂದು ಮೂಲ ನಾಟಿ ಸಸಿ ನೆಡಿ. ಆ ನಾಟಿ ಸಸಿಗಳೆಲ್ಲ ರೋಗ ಬಂದು ಬಿದ್ರೆ ಮಾತ್ರ ಪರೀಕ್ಷೆ ನಡೀತು ಅಂತ ಅರ್ಥ, ಅವೂ ಹಸಿರಾಗೇ ಇದ್ರೆ ಆ ಸಲದ ಫಲಿತಾಂಶ ಲೆಕ್ಕಕ್ಕಿಲ್ಲ, ಎಷ್ಟೇ ಬೇಜಾರಾದ್ರೂ ಇನ್ನೊಂದ್ ಸಲ ಮಾಡಿ.

ಎಲೆ ಮುಟುರು ವೈರಸ್ಸುಗಳು ಸಾಮಾನ್ಯವಾಗಿ ರಸ ಉಜ್ಜಿದ್ರೆ ಹರಡಲ್ಲ, ಬಿಳಿ ನೊಣನೇ ಬೇಕು. ಬಲೆ ಮನೆಯೊಳಗೆ ರೋಗದ ಗಿಡ, ನೊಣ ಎರಡೂ ಇಟ್ಟು, ಎರಡು ಮೂರು ಎಲೆ ಬಂದಿರೋ ಸಸಿ ಟ್ರೇನ ಒಂದು ವಾರ ಒಳಗಿಟ್ಟು, ದಿನಾ ಒಂದ್ಸಲ ಅಲ್ಲಾಡಿಸಿ ನೊಣ ಎಲ್ಲಾ ಸಸಿ ಮೇಲೂ ಕೂರೋ ಹಾಗೆ ಮಾಡಿ, ಆಮೇಲೆ ನೊಣ ಸಾಯಿಸಿ ಸಸಿನ ಬೇರೆ ಕಡೆ ನೆಟ್ಟು ಮೂರ್ನಾಲ್ಕು ವಾರ ನೋಡ್ಬೇಕು. ಬಲೆ ಮನೆ ಇಲ್ಲ ಅಂದ್ರೆ ನೊಣ ಜಾಸ್ತಿ ಇರೋ ಕಾಲದಲ್ಲಿ, ರೋಗ ಬಂದಿರೋ ಬೆಳೆ ಪಕ್ಕದಲ್ಲಿ ನೆಡೋದು. ಅನುಮಾನ ಇರೋ ಒಂದೆರಡು ಗಿಡಕ್ಕೆ ರೋಗದ ಕುಡಿ ಕಸಿ ಕಟ್ಟಿ ನೋಡಿದ್ರೆ ತಪ್ಪಿಸ್ಕೊಳೋ ಮಾತೇ ಇಲ್ಲ. ಒಂದೇ ಪ್ರತಿ ಟಿವೈ-1 ಅಥವಾ ಟಿವೈ-3 ಇರೋ ಗಿಡಕ್ಕೆ ಸ್ವಲ್ಪ ಹಳದಿ, ಸ್ವಲ್ಪ ಮುದುರು ಬರಬಹುದು, ಅದನ್ನ ನೋಡಿ ಕಿತ್ತಾಕ್ಬೇಡಿ, ನಾಟಿ ಗಿಡದ ಪಕ್ಕ ಇಟ್ಟು ಹೋಲಿಸಿ, ವ್ಯತ್ಯಾಸ ಕಣ್ಣಿಗೆ ಹೊಡೆಯತ್ತೆ.

ಮೊಸಾಯಿಕ್ ಪರೀಕ್ಷೆ ಸುಲಭ. ರೋಗದ ಎಲೆನ ಫಾಸ್ಫೇಟ್ ಬಫರಲ್ಲಿ ಅರೆದು, ಸಸಿ ಎಲೆ ಮೇಲೆ ಸಣ್ಣ ಗೀರು ಮಾಡೋ ನುಣ್ಣನೆ ಕಾರ್ಬೊರಂಡಮ್ ಪುಡಿ ಉದುರಿಸಿ, ರಸನ ಮೆಲ್ಲಗೆ ಉಜ್ಜಿ, ನೀರಲ್ಲಿ ತೊಳೆದುಬಿಡಿ, ಎರಡು ಮೂರು ವಾರದಲ್ಲಿ ಗೊತ್ತಾಗತ್ತೆ. ಈ ವೈರಸ್ ಕೈಗೂ ಅಂಟತ್ತೆ, ಬಟ್ಟೆ ಮೇಲೆ ತಿಂಗಳುಗಟ್ಲೆ ಉಳಿಯೋದು, ಪರೀಕ್ಷೆ ಜಾಗನ ಮುಖ್ಯ ತೋಟದಿಂದ ದೂರ ಇಡಿ, ಕೆಲಸದ ಮಧ್ಯೆ ಕೈನ ಕೆನೆ ತೆಗೆದ ಹಾಲಿನ ಪುಡಿ ನೀರಲ್ಲಿ ಅದ್ತಾ ಇರಿ, ಹಾಲಿನ ಪ್ರೋಟೀನ್ ವೈರಸ್ ಹರಡೋದನ್ನ ತಡಿಯತ್ತೆ. ರುಗೋಸ್ ವೈರಸ್ಸನ್ನ ಪರೀಕ್ಷೆಗೆ ಅಂತ ಎಲ್ಲಿಂದಲೂ ತರಲೇಬಾರದು.

ಇಲ್ಲೊಂದು ಕೆಲಸಕ್ಕೆ ಬರೋ ಉಪಾಯ. ಟೊಮ್ಯಾಟೊ ಕಂಕುಳ ಕುಡಿ ಚಿವುಟಿ ಒದ್ದೆ ಮಣ್ಣಿಗೆ ಚುಚ್ಚಿದ್ರೆ ಬೇರು ಬಿಟ್ಟುಬಿಡತ್ತೆ. ಪರೀಕ್ಷೆಗೆ ಮೊದ್ಲೇ ಪ್ರತಿ ಸಸಿಯಿಂದ ಒಂದು ಕುಡಿ ತಗೊಂಡು ನಂಬರ್ ಹಾಕಿ ಬಲೆ ಒಳಗೆ ನೆಟ್ಟಿಡಿ. ತಾಯಿ ಸಸಿಗೆ ರೋಗ ಹಚ್ಚಿ ನೋಡಿ, ಗೆದ್ದ ನಂಬರಿನ ಕುಡಿಗಿಡದಿಂದ ಕ್ರಾಸ್ ಮಾಡಿ. ಟಿವೈ ಜೀನ್ ವೈರಸ್ಸನ್ನ ಪೂರ್ತಿ ತಡಿಯಲ್ಲ, ಬೆಳೆಯೋದನ್ನ ಕಮ್ಮಿ ಮಾಡತ್ತೆ ಅಷ್ಟೇ, ಚೆನ್ನಾಗಿ ಕಾಣೋ ಗಿಡದೊಳಗೂ ವೈರಸ್ ಇರತ್ತೆ, ಹಾಗಾಗಿ ಸ್ವಚ್ಛವಾದ ನಕಲು ಕೈಲಿರೋದು ದೊಡ್ಡ ನೆಮ್ಮದಿ.

ದುಡ್ಡಿಗೆ ಅನುಕೂಲ ಇದ್ರೆ ಉಗುರಿನಷ್ಟು ಎಲೆ ಕಳ್ಸಿ ಡಿಎನ್‌ಎ ಮಾರ್ಕರ್ ಟೆಸ್ಟ್, ಅಂದ್ರೆ ಜೀನ್ ಇದೆಯಾ ಅಂತ ಡಿಎನ್‌ಎ ಗುರುತಿಂದ ತಿಳಿಯೋ ಟೆಸ್ಟ್ ಮಾಡ್ಸಿ, ಟಿವೈ, ಎಸ್‌ಡಬ್ಲ್ಯೂ-5, ಟಿಎಂ-2 ಸ್ಕ್ವೇರ್ ಎಲ್ಲಕ್ಕೂ ಮಾರ್ಕರ್ ಇದೆ, ಒಂದು ಪ್ರತಿನಾ ಎರಡಾ ಅನ್ನೋದೂ ಹೆಚ್ಚಿನವುಗಳಲ್ಲಿ ಗೊತ್ತಾಗತ್ತೆ.

ಜೀನನ್ನ ಸ್ಥಿರ ಮಾಡೋದು

ಕೊನೇ ಬ್ಯಾಕ್‌ಕ್ರಾಸ್ ಆದ್ಮೇಲೆ ಗಿಡದಲ್ಲಿ ಜೀನ್ ಒಂದೇ ಪ್ರತಿ ಇರತ್ತೆ, ಹೊರಗಿನ ಪುಡಿ ಬೀಳದ ಹಾಗೆ ಹೂಗೊಂಚಲಿಗೆ ತೆಳು ಬಟ್ಟೆ ಚೀಲ ಕಟ್ಟಿ ಸ್ವಂತ ಬೀಜ ಮಾಡಿ. ಅದರ ಮಕ್ಕಳಲ್ಲಿ ಕಾಲು ಭಾಗಕ್ಕೆ ಎರಡು ಪ್ರತಿ, ಅರ್ಧಕ್ಕೆ ಒಂದು, ಇನ್ನು ಕಾಲಕ್ಕೆ ಇಲ್ಲವೇ ಇಲ್ಲ. ಎರಡು ಜೀನ್ ಆದ್ರೆ ಎರಡೂ ಸ್ಥಿರವಾಗಿರೋದು ಹದಿನಾರಕ್ಕೊಂದು, ಒಂದಾದ್ರೂ ಸಿಗ್ಲಿ ಅಂದ್ರೆ ಐವತ್ತು ಸಸಿಯಾದ್ರೂ ಬೇಕು.

ಮಾರ್ಕರ್ ಇಲ್ದೆ ಹೋದ್ರೆ ಮಕ್ಕಳನ್ನ ನೋಡಿ ತಿಳ್ಕೋಬೇಕು. ರೋಗ ತಡೆದ ಪ್ರತಿ ಗಿಡದ ಬೀಜನ ಬೇರೆ ಬೇರೆ ಪೊಟ್ಟಣ ಮಾಡಿ, ಒಂದೊಂದರಿಂದ ಹದಿನೇಳು ಸಸಿ ಪರೀಕ್ಷೆಗೆ ಹಾಕಿ. ಒಂದೇ ಒಂದು ರೋಗಕ್ಕೆ ಬಿದ್ರೂ ಆ ತಾಯಿಯಲ್ಲಿ ಒಂದೇ ಪ್ರತಿ ಇತ್ತು ಅಂತ ಬಿಟ್ಟುಬಿಡಿ, ಹದಿನೇಳೂ ನಿಂತ್ರೆ ತಾಯಿ ಸ್ಥಿರ ಅಂತ 99 ಪರ್ಸೆಂಟಿನಷ್ಟು ಧೈರ್ಯವಾಗಿ ಹೇಳಬಹುದು. ಇಂಥ ಸ್ಥಿರ ತಾಯಂದಿರು ಬೇರೆ ಬೇರೆ ನಾಟಿ ಗಿಡದಿಂದ ಬಂದಿರೋ ನಾಲ್ಕೈದು ಸಿಕ್ಕಿದ್ರೆ ಅವುಗಳ ಬೀಜ ಒಟ್ಟು ಸೇರಿಸಿ, ಒಂದನ್ನೇ ಹಿಡಿಬೇಡಿ. ವರ್ಷಕ್ಕೆ ಎರಡು ಬೆಳೆ ತೆಗೆದ್ರೆ ಮೊದಲ ಕ್ರಾಸಿಂದ ಇಲ್ಲಿಗೆ ಏಳು ಬೆಳೆ, ಅಂದ್ರೆ ಮೂರೂವರೆ ವರ್ಷ.

ಆಮೇಲೆ ಮೂಲ ನಾಟಿ, ಹೊಸದು, ಎರಡನ್ನೂ ರೋಗ ಇಲ್ಲದ ಜಾಗದಲ್ಲಿ ಅಕ್ಕಪಕ್ಕ ಬೆಳೀರಿ, ಮೊದಲ ವರ್ಷ ಬರೆದಿಟ್ಟ ಪಟ್ಟಿ ತೆಗೆದು ಒಂದೊಂದೇ ಗುಣ ಹೋಲಿಸಿ. ಹಣ್ಣು ಕತ್ತರಿಸಿ ಯಾವ್ದು ಯಾವ್ದು ಅಂತ ಹೇಳ್ದೆ ನಾಲ್ಕು ಜನಕ್ಕೆ ತಿನ್ಸಿ, ಅವರು ಗುರುತು ಹಿಡಿದ್ರೆ ಇನ್ನೊಂದು ಬ್ಯಾಕ್‌ಕ್ರಾಸ್ ಬಾಕಿ ಇದೆ ಅಂತ ಅರ್ಥ. ಹಿಡಿಯದೇ ಹೋದ್ರೂ ಹಳೇ ಹೆಸರಲ್ಲೇ ಹಂಚಬೇಡಿ, ಹೆಸರಿನ ಮುಂದೆ ಒಂದು ಗುರುತು ಸೇರಿಸಿ, ಯಾವ ಜೀನ್, ಎಷ್ಟು ಬ್ಯಾಕ್‌ಕ್ರಾಸ್ ಅಂತ ಪೊಟ್ಟಣದ ಮೇಲೆ ಬರೀರಿ, ಮೂಲ ತಳಿನ ಬೇರೆಯಾಗಿ ಉಳಿಸ್ಕೊಳಿ.

ಬೀಜ ತೆಗೆಯುವಾಗ ತಿರುಳಿನ ಜೊತೆ ಎರಡು ಮೂರು ದಿನ ಹುಳಿ ಬರಿಸಿ, ತೊಳೆದು, 10 ಪರ್ಸೆಂಟ್ ಟ್ರೈಸೋಡಿಯಂ ಫಾಸ್ಫೇಟ್ ದ್ರಾವಣದಲ್ಲಿ ಹದಿನೈದು ನಿಮಿಷ ನೆನೆಸಿ ಮತ್ತೆ ಚೆನ್ನಾಗಿ ತೊಳೆದು ಒಣಗಿಸಿ, ಬೀಜದ ಸಿಪ್ಪೆ ಮೇಲೆ ಕೂತಿರೋ ಮೊಸಾಯಿಕ್ ವೈರಸ್ ಇದರಿಂದ ಹೋಗತ್ತೆ. ಇನ್ನು ನೆಟ್ಟ ಮೇಲೂ ಬಿಳಿ ನೊಣದ ಬಲೆ, ಹಳದಿ ಅಂಟು ಹಾಳೆ, ಕಳೆ ತೆಗೆಯೋದು ಇದ್ಯಾವ್ದನ್ನೂ ನಿಲ್ಲಿಸ್ಬೇಡಿ. ಟಿವೈ-1 ಇರೋ ಗಿಡಕ್ಕೆ ಜೊತೆಯಲ್ಲಿ ಸಿಎಂವಿ ಬಂದ್ರೆ ಆ ಜೀನಿನ ಬಲ ಕುಸಿಯತ್ತೆ ಅಂತ 2014ರಲ್ಲೇ ತೋರಿಸಿದಾರೆ, ಸಿಎಂವಿ ತರೋದು ಗಿಡಹೇನು, ಅಂದ್ರೆ ನೊಣದ ಜೊತೆ ಗಿಡಹೇನಿನ ಮೇಲೂ ಒಂದು ಕಣ್ಣಿಡಬೇಕು, ಟೊಮ್ಯಾಟೊ ಪಕ್ಕದಲ್ಲೇ ಸೌತೆ ಕುಂಬಳ ಹಬ್ಬಿಸೋರಂತೂ ಇನ್ನೂ ಹುಷಾರಾಗಿರಿ.